ಬಳ್ಳಾರಿ ಬಿಸಿಲಲ್ಲಿ ಹವಳದ ಟ್ಯಾಂಕ್: ಯಾವುದನ್ನ ಮಾಡಿಸಬೇಕು, ಯಾವುದನ್ನ ಕೊಳ್ಳಬೇಕು

ಮೊದಲೇ ತೀರ್ಪು ಹೇಳಿಬಿಡ್ತೀನಿ, ಪುರುಸೊತ್ತಿಲ್ಲದವರು ಇಷ್ಟು ಓದಿಕೊಂಡು ಹೋಗಬಹುದು. ಬಳ್ಳಾರಿಯಲ್ಲಿ ಮನೆಯೊಳಗೆ ಹವಳ ಬೆಳೆಸುವ ಉಪ್ಪುನೀರಿನ ಟ್ಯಾಂಕ್ ಕಟ್ಟಬೇಕು ಅಂದರೆ ಗಾಜು, ಸ್ಟ್ಯಾಂಡು, ನೀರು ತಂಪು ಮಾಡುವ ಏರ್ಪಾಡು, ಆವಿಯಾದ ನೀರನ್ನ ಮತ್ತೆ ತುಂಬುವ ಏರ್ಪಾಡು, ಇಷ್ಟನ್ನೂ ಊರಲ್ಲೇ ಮಾಡಿಸಿಕೊಳ್ಳಿ. ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್, ನೀರನ್ನ ಟ್ಯಾಂಕಿಗೆ ವಾಪಸ್ ಏರಿಸುವ ರಿಟರ್ನ್ ಪಂಪ್, ಉಪ್ಪು, ಟೆಸ್ಟ್ ಕಿಟ್ ದುಡ್ಡು ಕೊಟ್ಟು ಒಳ್ಳೇದೇ ತನ್ನಿ. ಲೈಟು ಹೆಂಗೂ ನಡೀತದೆ. ಚಿಲ್ಲರ್‌ಗೆ (ಫ್ರಿಜ್ಜಿನ ಹಾಗೆ ನೀರು ತಂಪು ಮಾಡುವ ಯಂತ್ರ) ಮಾತ್ರ ಒಂದು ರೂಪಾಯಿ ಹಾಕಬೇಡಿ. ಬೆಂಗಳೂರು, ಚೆನ್ನೈ ಕಡೆ ಟ್ಯಾಂಕ್ ಇಟ್ಟವರನ್ನ ಕೇಳಿದರೆ "ಬಳ್ಳಾರಿನಾ? ನಲವತ್ತು ಡಿಗ್ರಿನಾ? ಚಿಲ್ಲರ್ ಇಲ್ಲದೆ ಆಗಲ್ಲ ಬಿಡಿ" ಅಂತಾರೆ. ಅವರಿಗೆ ನಮ್ಮ ಬಿಸಿಲು ಗೊತ್ತು, ನಮ್ಮ ಒಣ ಗಾಳಿ ಗೊತ್ತಿಲ್ಲ.

ನಾನು ಜೀನ್ಸ್ ವಾಷಿಂಗ್ ಯೂನಿಟ್ ಒಂದರಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುವವನು. ಮೋಟಾರು, ಪಂಪು, ಪ್ಯಾನೆಲ್ ಬೋರ್ಡು ದಿನದ ಕೆಲಸ. ಹಾಗಾಗಿ ಸಿದ್ಧ ಟ್ಯಾಂಕ್‌ಗಳ ರೇಟು ನೋಡಿದಾಗ ಅದರೊಳಗೆ ಇರೋದು ಏನು, ಯಾವುದಕ್ಕೆ ಎಷ್ಟು ಬೆಲೆ ಅಂತ ಲೆಕ್ಕ ಹಾಕೋದು ಅಭ್ಯಾಸ. ನನ್ನ ಟ್ಯಾಂಕು ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, 20 ಇಂಚು ಎತ್ತರ. ಕೆಳಗೆ ಸ್ಟ್ಯಾಂಡಿನೊಳಗೆ ಮೂರು ಅಡಿಯ ಸಂಪು, ಅಂದರೆ ಫಿಲ್ಟರು, ಸ್ಕಿಮ್ಮರು, ಪಂಪು ಕೂರುವ ಇನ್ನೊಂದು ಗಾಜಿನ ತೊಟ್ಟಿ. ಕಲ್ಲು, ಮರಳು ಹಿಡಿದ ಜಾಗ ಕಳೆದರೆ ಎರಡರಲ್ಲೂ ಸೇರಿ ಸುಮಾರು 360 ಲೀಟರ್ ನೀರು. ಈ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಲೆಕ್ಕಕ್ಕೆ ಬರ್ತದೆ.

ಗಾಜಿನಿಂದ ಶುರು ಮಾಡ್ತೀನಿ, ಯಾಕಂದರೆ ಇಡೀ ಕೆಲಸದಲ್ಲಿ ನನಗೆ ತುಂಬ ಖುಷಿ ಕೊಟ್ಟಿದ್ದು ಅದು. ಮೊದಲು ವಿಚಾರಿಸಿದ ಒಂದು ಅಂಗಡಿಯಲ್ಲಿ "ಎಂಟು ಎಂಎಂ ಹಾಕ್ತೀವಿ, ಗ್ಯಾರಂಟಿ" ಅಂದರು, ಗ್ಯಾರಂಟಿ ಎಷ್ಟು ವರ್ಷ ಅಂದರೆ ನಕ್ಕರು. ಅಲ್ಲಿಂದ ಕೌಲ್ ಬಜಾರಿನ ಒಂದು ಸಣ್ಣ ಗಾಜಿನಂಗಡಿಗೆ ಹೋದೆ. ಬೋರ್ಡು ಮಾಸಿಹೋಗಿದೆ, ಒಳಗೆ ಇಬ್ಬರು ನಿಲ್ಲೋಕೆ ಜಾಗ ಇಲ್ಲ. ನನಗೆ ಬೇಕಿದ್ದದ್ದು ಹನ್ನೆರಡು ಎಂಎಂ ದಪ್ಪದ ಗಾಜು. ಅಲ್ಲಿನ ಚಾಚಾ ಮೊದಲು ಕೇಳಿದ್ದೇ: "ಮೀನಿನ ತೊಟ್ಟಿಗೆ ಹನ್ನೆರಡು ಎಂಎಂ ಯಾಕ್ ಬೇಟಾ? ಶೋರೂಮ್ ಬಾಗಿಲು ಮಾಡಸ್ತೀಯೇನು?" ಲೆಕ್ಕ ಹೇಳಿದೆ. ನೀರು 18 ಇಂಚು ನಿಂತರೆ ಮುಂದಿನ ಗಾಜೊಂದರ ಮೇಲೇ ಹೆಚ್ಚುಕಮ್ಮಿ 130 ಕೆಜಿ ತಳ್ಳಾಟ ಬೀಳ್ತದೆ, ಅದೂ ಹಗಲೂ ರಾತ್ರಿ, ವರ್ಷಗಟ್ಟಲೆ. ಚಾಚಾ ಸ್ವಲ್ಪ ಹೊತ್ತು ಸುಮ್ಮನಿದ್ದು "ಹಂಗಾದ್ರ ಮ್ಯಾಲೆ ಸುತ್ತಲೂ ಪಟ್ಟಿನೂ ಹಾಕೋಣ" ಅಂದರು. ಟ್ಯಾಂಕಿನ ಬಾಯಿಗೆ ಒಳಗಡೆಯಿಂದ ನಾಲ್ಕು ಇಂಚಿನ ಗಾಜಿನ ಪಟ್ಟಿ ಕೂರಿಸೋದು, ಗಾಜು ಹೊರಕ್ಕೆ ಉಬ್ಬದ ಹಾಗೆ. ನಾನು ಹೇಳುವ ಮೊದಲೇ ಹೇಳಿದರು. ಅವತ್ತೇ ಅಡ್ವಾನ್ಸ್ ಕೊಟ್ಟೆ.

ಚಾಚಾ ತೂತು ಕೊರೆಯೋದನ್ನ ನಿಂತು ನೋಡಬೇಕು. ಹಿಂದಿನ ಗಾಜಿಗೆ ಮೂರು ತೂತು ಬೇಕಿತ್ತು, ನೀರು ಸಂಪಿಗೆ ಇಳಿಯೋಕೆ. ಗುರುತು ಹಾಕಿದ ಜಾಗದ ಸುತ್ತ ಪುಟ್ಟಿಯಿಂದ ಬಳೆಯ ಹಾಗೆ ಒಂದು ಕಟ್ಟೆ ಕಟ್ಟಿದರು, ಅದರೊಳಗೆ ನೀರು ತುಂಬಿದರು. ಡೈಮಂಡ್ ಬಿಟ್ಟನ್ನ ಮೊದಲು ಓರೆಯಾಗಿ ಮುಟ್ಟಿಸಿ ಅರ್ಧಚಂದ್ರದಷ್ಟು ಗೀರು ಬಿದ್ದ ಮೇಲೆ ನಿಧಾನ ನೆಟ್ಟಗೆ ಮಾಡಿದರು. ಒತ್ತಲಿಲ್ಲ, ಡ್ರಿಲ್ಲಿನ ತೂಕಕ್ಕೇ ಬಿಟ್ಟರು. ನೀರು ಹಾಲಿನ ಬಣ್ಣಕ್ಕೆ ತಿರುಗಿದಾಗೆಲ್ಲ ಹುಡುಗ ಲೋಟದಲ್ಲಿ ಹೊಸ ನೀರು ಹಾಕ್ತಿದ್ದ. ಅರ್ಧ ದಪ್ಪ ಕೊರೆದ ಮೇಲೆ ಗಾಜು ತಿರುಗಿಸಿ ಇನ್ನೊಂದು ಕಡೆಯಿಂದ ಶುರು. ಒಂದೇ ಕಡೆಯಿಂದ ಕೊರೆದರೆ ಕೊನೆಗೆ ಚಕ್ಕೆ ಏಳ್ತದೆ. ಮೂರು ತೂತಿನ ಅಂಚಿನಲ್ಲೂ ಉಗುರು ಆಡಿಸಿದೆ, ಎಲ್ಲೂ ತಡೆಯಲಿಲ್ಲ. ಟಫನ್ ಮಾಡಿದ, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜನ್ನ ಹೀಗೆ ಕೊರೆಯೋಕೆ ಆಗಲ್ಲ, ಬಿಟ್ ಮುಟ್ಟಿಸಿದರೆ ಪೂರ್ತಿ ಹಾಳೆ ಪುಡಿ. ತಳಕ್ಕೆ ಟಫನ್ ಹಾಕಿ ಅಂತ ಯಾರಾದರೂ ಸಲಹೆ ಕೊಟ್ಟರೆ ತೂತು ಎಲ್ಲಿ ಬರ್ತದೆ ಅಂತ ಮೊದಲು ಕೇಳಿ.

ಸಿಲಿಕಾನ್ ವಿಷಯದಲ್ಲಿ ಮಾತ್ರ ನಾನು ಪಟ್ಟು ಹಿಡಿಯಬೇಕಾಯ್ತು. ಅಂಗಡಿಯಲ್ಲಿ ಇದ್ದಿದ್ದು ಬಾತ್‌ರೂಮಿಗೆ ಹಚ್ಚುವ, ಬೂಷ್ಟು ಹಿಡಿಯದಂತೆ ಔಷಧಿ ಬೆರೆಸಿದ ಜಾತಿ. ಆ ಔಷಧಿ ನಿಧಾನಕ್ಕೆ ನೀರಿಗಿಳಿದು ಜೀವಿಗಳನ್ನ ಕೊಲ್ತದೆ. ವಿನೆಗರ್ ವಾಸನೆ ಹೊಡೆಯುವ, ಬೇರೇನೂ ಬೆರೆಸದ ಟ್ಯೂಬನ್ನ ನಾನೇ ತಂದುಕೊಟ್ಟೆ. ಗಾಜಿನ ಅಂಚನ್ನ ಅಸಿಟೋನ್‌ನಲ್ಲಿ ಒರೆಸಿ, ಆಮೇಲೆ ಬೆರಳು ತಾಗಿಸದೆ ಕೂರಿಸಿದರು. ಎರಡು ಗಾಜಿನ ನಡುವೆ ಒಂದೆರಡು ಎಂಎಂ ಸಿಲಿಕಾನ್ ಉಳಿಯಬೇಕು, ಒತ್ತಿ ಒತ್ತಿ ಹೊರಗೆ ತೆಗೆದುಬಿಟ್ಟರೆ ಹಿಡಿತವೇ ಇರಲ್ಲ. ವಾಸನೆ ಪೂರ್ತಿ ಹೋಗುವ ತನಕ ಅಂಗಡಿಯಲ್ಲೇ ಬಿಟ್ಟೆ. ಅಷ್ಟು ದಿನ ಚಾಚಾ ಅದರ ಮೇಲೆ ಬೇರೆ ಗಾಜು ಇಡಲಿಲ್ಲ, ಆ ಪುಟ್ಟ ಅಂಗಡಿಯಲ್ಲಿ ಅದು ಸಣ್ಣ ಮಾತಲ್ಲ.

ತಕರಾರು ಒಂದೆರಡು ಇವೆ. ಅಂಚಿನ ಪಾಲಿಶ್ ಹೊರಗಡೆ ಚೆನ್ನಾಗಿದೆ, ಸಂಪಿನ ಅಡ್ಡಗೋಡೆಗಳ ಅಂಚು ಕೈ ಕೊಯ್ಯುವ ಹಾಗೆ ಉಳಿದಿತ್ತು, ನಾನೇ ಎಮರಿ ಹಾಳೆ ಹಿಡಿದೆ. ಮುಂದಿನ ಗಾಜಿಗೆ ಎಕ್ಸ್‌ಟ್ರಾ ಕ್ಲಿಯರ್ ಬೇಕು ಅಂದರೆ ಹೊರ ಊರಿಂದ ತರಿಸ್ತಾರೆ, ಸಮಯ ಹಿಡೀತದೆ. ಮಾಮೂಲಿ ಗಾಜಿನಲ್ಲಿ ಕಬ್ಬಿಣದ ಅಂಶ ಇರೋದರಿಂದ 12 ಎಂಎಂ ದಪ್ಪಕ್ಕೆ ಹಸಿರು ಛಾಯೆ ಬಂದು ಹವಳದ ಬಣ್ಣ ಮಂಕಾಗ್ತದೆ. ಮುಂದಿನ ಒಂದು ಹಾಳೆಗಾದರೂ ಕಾಯಿರಿ. ಬಿಲ್ಲು ಕೇಳಿದರೆ ಮಾತ್ರ ಕೊಡ್ತಾರೆ. ಅಳತೆ ಇಂಚಿನಲ್ಲಿ ಬರೆದುಕೊಂಡು ಹೋಗಿ, ಶುಕ್ರವಾರ ಮಧ್ಯಾಹ್ನ ಹೋಗಬೇಡಿ. ಈ ಅಂಗಡಿಗೆ ಐದಕ್ಕೆ ನಾಲ್ಕೂವರೆ ಅಂಕ ಕೊಡ್ತೀನಿ.

ಸ್ಟ್ಯಾಂಡಿಗೆ ಬಳ್ಳಾರಿಯಷ್ಟು ಒಳ್ಳೆ ಊರು ಇಲ್ಲ. ಅದಿರು ಲಾರಿಗಳ ಕಾಲದಲ್ಲಿ ಟಿಪ್ಪರ್ ಬಾಡಿ ಕಟ್ಟಿ ಕೈ ಪಳಗಿದ ಮೇಸ್ತ್ರಿಗಳು, 2011ರಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿದ ಮೇಲೆ ಗೇಟು, ಗ್ರಿಲ್ಲು ಮಾಡಿಕೊಂಡು ಇದ್ದಾರೆ. ಅಂಥವರೊಬ್ಬರ ಹತ್ತಿರ ಎರಡು ಇಂಚಿನ ಸ್ಕ್ವೇರ್ ಪೈಪಿನಲ್ಲಿ ಮಾಡಿಸಿದೆ. ಗಾಜೇ ಎಪ್ಪತ್ತೈದು ಕೆಜಿ ಮೇಲಿದೆ, ನೀರು, ಕಲ್ಲು, ಸಂಪು ಸೇರಿದರೆ ಅರ್ಧ ಟನ್ನು ದಾಟ್ತದೆ ಅಂದೆ. ಮೇಸ್ತ್ರಿ "ಅರ್ಧ ಟನ್ನಾ? ಇದರ ಮ್ಯಾಲೆ ಟ್ರ್ಯಾಕ್ಟರ್ ನಿಲ್ಲಸ್ರಿ" ಅಂದರು. ವೆಲ್ಡಿಂಗ್ ನೋಡಿದರೆ ಆ ಮಾತು ಪೂರ್ತಿ ಸುಳ್ಳಲ್ಲ. ರೆಡ್ ಆಕ್ಸೈಡ್ ಮೇಲೆ ಎರಡು ಕೋಟು ಎಪಾಕ್ಸಿ ಪೇಂಟ್ ಹೊಡೆಸಲೇಬೇಕು, ಉಪ್ಪುನೀರಿನ ಹನಿ ಬಿದ್ದ ಕಡೆ ಮಾಮೂಲಿ ಪೇಂಟು ನಿಲ್ಲಲ್ಲ. ನಮ್ಮದು ನೆಲಮನೆ, ಶಹಾಬಾದ್ ಬಂಡೆಯ ನೆಲ, ಹಳೇ ಮನೆಗಳಲ್ಲಿ ಇರುವ ಹಾಗೆ ಮೋರಿ ಕಡೆಗೆ ಇಳಿಜಾರು. ಗೌಂಡಿಯವರು ಬಳಸುವ ಲೆವೆಲ್ ಪೈಪ್ ಹಿಡಿದು ನಾಲ್ಕು ಕಾಲಿಗೂ ಬೋಲ್ಟ್ ಕೂರಿಸಿ ಸರಿ ಮಾಡಿದೆವು. ಮೇಲೆ ಪ್ಲೈವುಡ್, ಅದರ ಮೇಲೆ ಥರ್ಮಾಕೋಲ್, ಆಮೇಲೆ ಟ್ಯಾಂಕು.

ಪ್ಲಂಬಿಂಗ್‌ನಲ್ಲಿ ಒಂದೇ ಒಂದು ವಿಷಯಕ್ಕೆ ಕಣ್ಣಿಟ್ಟಿರಿ: ಹಿತ್ತಾಳೆ. ನಮ್ಮ ಪ್ಲಂಬರ್‌ಗಳು ಒಳ್ಳೆ ಕೆಲಸ ಅಂದರೆ ಹಿತ್ತಾಳೆ ಥ್ರೆಡ್ ಇರುವ ಫಿಟಿಂಗ್ ಹಾಕೋದು ಅಂತಲೇ ಕಲಿತಿದ್ದಾರೆ. ಹಿತ್ತಾಳೆಯಲ್ಲಿ ತಾಮ್ರ ಇದೆ. ಮೀನು ಅಷ್ಟಿಷ್ಟು ತಡೆದುಕೊಂಡೀತು, ಹವಳ, ಬಸವನಹುಳು, ಸಿಗಡಿ ತಡೆಯಲ್ಲ. ಟ್ಯಾಂಕ್ ನಿಪ್ಪಲ್ಲಿಂದ ವಾಲ್ವ್‌ವರೆಗೆ ಎಲ್ಲ ಯುಪಿವಿಸಿ ಪ್ಲಾಸ್ಟಿಕ್ಕೇ ಇರಲಿ. ಹಿಂದಿನ ಗಾಜಿನ ಮೂರು ತೂತಿನಿಂದ ಸಂಪಿಗೆ ಇಳಿಯುವ ಮೂರು ಪೈಪಲ್ಲಿ ಒಂದು ಗಾಳಿ ಇಲ್ಲದೆ ತುಂಬಿ ಹರೀತದೆ, ಎರಡನೆಯದರಲ್ಲಿ ಚೂರು ನೀರು ಜಿನುಗ್ತದೆ, ಮೂರನೆಯದು ಒಣಗೇ ಇರ್ತದೆ. ಮೊದಲೆರಡು ಕಟ್ಟಿಕೊಂಡರೆ ಹಾಲ್ ನೆನೆಯದಂತೆ ಕಾಯೋದು ಆ ಮೂರನೆಯದು. ಮೊದಲ ಪೈಪಿಗೆ ಬಾಲ್ ವಾಲ್ವ್ ಬೇಡ, ಗೇಟ್ ವಾಲ್ವ್ ಹಾಕಿಸಿ, ಕೂದಲೆಳೆಯಷ್ಟು ತಿರುಗಿಸಿ ಸದ್ದು ನಿಲ್ಲಿಸಬಹುದು. ಕರೆಂಟು ಹೋದಾಗ ಮೇಲಿನ ನೀರು ಇಳಿದು ಸಂಪಿನಲ್ಲಿ ನಿಲ್ಲೋಕೆ ಜಾಗ ಇದೆಯೋ ಇಲ್ಲವೋ ಅನ್ನೋದನ್ನ ಉಪ್ಪು ಹಾಕುವ ಮೊದಲೇ, ಸಾದಾ ನೀರಲ್ಲೇ ಸ್ವಿಚ್ ಆರಿಸಿ ನೋಡಿಕೊಳ್ಳಿ. ನಮ್ಮೂರಲ್ಲಿ ಆ ಪರೀಕ್ಷೆ ಹೇಗಿದ್ದರೂ ಆಗಾಗ ತಾನಾಗೇ ನಡೀತದೆ.

ಈಗ ತಂಪಿನ ವಿಷಯ. ಹವಳಕ್ಕೆ 25, 26 ಡಿಗ್ರಿ ಬೇಕು, 30 ದಾಟಿದರೆ ಅದರೊಳಗಿನ ಪಾಚಿಯನ್ನ ಹೊರಹಾಕಿ ಬಿಳಿಚಿಕೊಳ್ತದೆ. ಏಪ್ರಿಲ್‌ನಲ್ಲಿ ನಮ್ಮ ಹಾಲ್ ಮಧ್ಯಾಹ್ನ 36, 37. ಇದಕ್ಕೆ ನಾನು ಮಾಡಿಕೊಂಡಿದ್ದು ಕಂಪ್ಯೂಟರ್ ಕ್ಯಾಬಿನೆಟ್ಟಿನ ನಾಲ್ಕು ಫ್ಯಾನು, 120 ಎಂಎಂನವು, 12 ವೋಲ್ಟು. ಅಲ್ಯುಮಿನಿಯಂ ಪಟ್ಟಿಗೆ ಕೂರಿಸಿ, ನೀರಿನ ಮೇಲೆ ಓರೆಯಾಗಿ ಗಾಳಿ ಬೀಸುವ ಹಾಗೆ ಟ್ಯಾಂಕಿನ ಹಿಂದಿನ ಅಂಚಿಗೆ ಕಟ್ಟಿದ್ದೀನಿ. ನಾಲ್ಕೂ ಸೇರಿ ಹನ್ನೆರಡು ವ್ಯಾಟ್ ತಿಂತವೆ. ಮಣ್ಣಿನ ಗಡಿಗೆಯ ನೀರು ತಣ್ಣಗಾಗೋದು ಯಾಕೆ ಅಂತ ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ, ಇಲ್ಲಿ ನಡೆಯೋದೂ ಅದೇ. ಒಂದು ಲೀಟರ್ ನೀರು ಆವಿಯಾಗೋಕೆ ಸುಮಾರು 2,430 ಕಿಲೋಜೌಲ್ ಶಾಖ ಬೇಕು. 360 ಲೀಟರ್ ಉಪ್ಪುನೀರನ್ನ ಒಂದು ಡಿಗ್ರಿ ಇಳಿಸೋಕೆ ತೆಗೆಯಬೇಕಾದ್ದು ಸುಮಾರು 1,450. ಅಂದರೆ ಒಂದು ಲೀಟರ್ ಆರಿದರೆ ಟ್ಯಾಂಕಿನಿಂದ ಒಂದೂವರೆ ಡಿಗ್ರಿಗೂ ಮಿಕ್ಕಿದ ಶಾಖ ಹೊರಟಿತು. ಬೇಸಿಗೆಯಲ್ಲಿ ನನ್ನ ಟ್ಯಾಂಕು ದಿನಕ್ಕೆ ಆರೇಳು ಲೀಟರ್ ಆರ್ತದೆ. ಕೋಣೆಯ ಬಿಸಿ, ಪಂಪಿನ ಬಿಸಿ, ಲೈಟಿನ ಬಿಸಿ ಎಲ್ಲ ಒಳಗೆ ಬರ್ತಾ ಇದ್ದರೂ ನೀರು 26, 27ರ ಮೇಲೆ ಹೋಗಲ್ಲ.

ಇದು ಮಂಗಳೂರಲ್ಲಿ ಯಾಕೆ ಆಗಲ್ಲ ಅಂದರೆ ಅಲ್ಲಿ ಗಾಳಿಯೇ ಒದ್ದೆ. ನೀರನ್ನ ಆರಿಸಿ ಎಷ್ಟು ತಂಪು ಮಾಡಬಹುದು ಅನ್ನೋದಕ್ಕೆ ಒಂದು ಮಿತಿ ಇದೆ, ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸಿದರೆ ತೋರಿಸುವ ಅಂಕಿ ಅದು. 40 ಡಿಗ್ರಿ ಬಿಸಿಲು, ಶೇ. 25 ತೇವಾಂಶ ಇದ್ದರೆ ಅದು 24ರ ಆಸುಪಾಸು. 34 ಡಿಗ್ರಿ, ಶೇ. 70 ತೇವಾಂಶ ಇದ್ದರೆ 29. ಅಂದರೆ ಕರಾವಳಿಯವರು ನಮಗಿಂತ ಆರು ಡಿಗ್ರಿ ತಂಪಲ್ಲಿ ಕೂತಿದ್ದರೂ ಫ್ಯಾನು ನಂಬಿಕೊಂಡು ಹವಳ ಉಳಿಸಲಾರರು, ನಾವು ಉಳಿಸಬಹುದು. ಬಿಸಿಲಿನ ಬಗ್ಗೆ ಬಳ್ಳಾರಿಯವನೊಬ್ಬ ಜಂಬ ಕೊಚ್ಚಿಕೊಳ್ಳೋಕೆ ಸಿಗುವ ಸಂದರ್ಭ ಕಮ್ಮಿ, ಇದನ್ನ ಬಿಡಲ್ಲ.

ಷರತ್ತುಗಳಿವೆ. ಕಿಟಕಿ ತೆರೆದಿರಬೇಕು. ಮನೆಯವರು ಎಲ್ಲ ಕಿಟಕಿ ಮುಚ್ಚಿ ಅದೇ ಹಾಲ್‌ನಲ್ಲಿ ಕೂಲರ್ ಹಚ್ಚಿದರೆ ಕೋಣೆಯ ಗಾಳಿಯೇ ತೇವ ಆಗಿ ಫ್ಯಾನಿನ ಕೆಲಸ ಅರ್ಧಕ್ಕೆ ನಿಲ್ತದೆ. ಕೂಲರನ್ನ ಕಿಟಕಿಯ ಹೊರಗಿಂದ ಕೂರಿಸಿ ಎದುರು ಬಾಗಿಲು ತೆರೆದಿಟ್ಟರೆ ಇಬ್ಬರಿಗೂ ಹಿತ. ಫ್ಯಾನಿಗೆ ಸೊಳ್ಳೆ ಜಾಲರಿ ಕಟ್ಟಿ, ಇಲ್ಲಾಂದರೆ ನಮ್ಮೂರಿನ ಕೆಂಪು ದೂಳು ನೇರ ನೀರಿಗೆ. ಉಪ್ಪಿನ ಹವೆಗೆ ಫ್ಯಾನಿನ ಬೇರಿಂಗ್ ಬೇಗ ಹೋಗ್ತದೆ, ಆದರೆ ಇಡೀ ಫ್ಯಾನು ಬದಲಿಸಿದರೂ ಚಿಲ್ಲರ್ ರಿಪೇರಿಯವನ ಬಸ್ ಚಾರ್ಜಿನಷ್ಟು ಆಗಲ್ಲ. ಕೆಲವರು ಹಳೇ ವಾಟರ್ ಕೂಲರ್ ಬಿಚ್ಚಿ ಅದರ ಕಾಯಿಲನ್ನ ಸಂಪಿನಲ್ಲಿ ಮುಳುಗಿಸುವ ಐಡಿಯಾ ಕೊಡ್ತಾರೆ. ಆ ಕಾಯಿಲು ತಾಮ್ರದ್ದು, ಮೇಲೆ ಹೇಳಿದ ಹಿತ್ತಾಳೆ ಮಾತೇ ಇದಕ್ಕೂ. ಚಿಲ್ಲರಿನಲ್ಲಿ ಟೈಟಾನಿಯಂ ಹಾಕೋದು ಅದಕ್ಕೇ.

ನೀರು ಆರ್ತದೆ, ಉಪ್ಪು ಆರಲ್ಲ. ದಿನಕ್ಕೆ ಆರೇಳು ಲೀಟರ್ ಹೋದರೆ ಉಳಿದ ನೀರು ಉಪ್ಪಾಗ್ತಾ ಹೋಗ್ತದೆ, ಹಾಗಾಗಿ ಅಷ್ಟೇ ಸಿಹಿನೀರು ಹನಿಹನಿಯಾಗಿ ವಾಪಸ್ ಬರಬೇಕು. ಇದಕ್ಕೆ ಸೆನ್ಸರ್ ಇರುವ ಯಂತ್ರ ಮಾರ್ತಾರೆ. ನಾನು ಹಾಕಿದ್ದು ಮನೆಯ ಆರ್‌ಒ ಫಿಲ್ಟರಿನೊಳಗೆ ಇರುವ ಪುಟ್ಟ ಪ್ಲಾಸ್ಟಿಕ್ ಫ್ಲೋಟ್ ವಾಲ್ವ್. ಆರ್‌ಒ ಬಿಡಿಭಾಗದ ಅಂಗಡಿಗಳಲ್ಲಿ ಚಿಲ್ಲರೆ ಕಾಸಿಗೆ ಸಿಗ್ತದೆ. ಕೂಲರಿನ ಫ್ಲೋಟ್ ತರಬೇಡಿ, ಅದರಲ್ಲಿ ಹಿತ್ತಾಳೆ ಇರ್ತದೆ. ಮೇಲೆ 20 ಲೀಟರ್ ಕ್ಯಾನು, ಕೆಳಗೆ ಸಂಪಿನಲ್ಲಿ ವಾಲ್ವು, ಕರೆಂಟೇ ಬೇಡ. ಕ್ಯಾನು ದೊಡ್ಡದಿದ್ದರೆ ದಿನಾ ತುಂಬೋದು ತಪ್ಪೀತು ಅನ್ನಿಸ್ತದೆ, ಆದರೆ 20 ಲೀಟರೇ ಇರಲಿ. ವಾಲ್ವ್ ಸಿಕ್ಕಿಕೊಂಡು ಇಡೀ ಕ್ಯಾನು ಸುರಿದರೂ ಉಪ್ಪು ಸಾವಿರಕ್ಕೆ 35ರಿಂದ 33ಕ್ಕೆ ಇಳೀತದೆ ಅಷ್ಟೆ, ಯಾರೂ ಸಾಯಲ್ಲ. ಈ ಇಡೀ ಟ್ಯಾಂಕಿನಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ದುಡಿದ ಸಾಮಾನು ಈ ಫ್ಲೋಟ್ ವಾಲ್ವು.

ಆ ನೀರು ಯಾವುದು ಅನ್ನೋದೂ ಮುಖ್ಯ. ನಮ್ಮ ಬೋರ್ ನೀರು ಗಡಸು, ನಲ್ಲಿಯಲ್ಲಿ ಬರುವ ತುಂಗಭದ್ರೆ ನೀರು ಅದಕ್ಕಿಂತ ವಾಸಿ, ಆದರೆ ಕ್ಲೋರಿನ್ ಇರ್ತದೆ. ಎರಡೂ ನೇರ ಹಾಕುವ ಹಾಗಿಲ್ಲ. ಮನೆಯ ಆರ್‌ಒ ನೀರು ಹಾಕೋಣ ಅಂದರೆ ಅದರಲ್ಲಿ ರುಚಿಗೆ ಅಂತ ಟಿಡಿಎಸ್ (ನೀರಲ್ಲಿ ಕರಗಿದ ಲವಣ) ಅಡ್ಜಸ್ಟರ್ ಇರ್ತದೆ, ಫಿಲ್ಟರಾಗದ ನೀರನ್ನ ಸ್ವಲ್ಪ ವಾಪಸ್ ಬೆರೆಸುವ ಸ್ಕ್ರೂ ಅದು. ಮಿನರಲ್ ಕ್ಯಾಟ್ರಿಜ್ ಬೇರೆ. ಈಚೆಗಂತೂ "ಕಾಪರ್" ಅಂತ ದೊಡ್ಡದಾಗಿ ಬರೆದ ಆರ್‌ಒಗಳೇ ಜಾಸ್ತಿ, ಮನುಷ್ಯರಿಗೆ ಏನು ಲಾಭವೋ ಅವರವರ ನಂಬಿಕೆ, ಹವಳಕ್ಕೆ ಅದು ವಿಷ. ನಾನು ಬಿಡಿಭಾಗ ತಂದು ಬೇರೆಯೇ ಒಂದು ಜೋಡಿಸಿದೆ: ಸೆಡಿಮೆಂಟ್, ಕಾರ್ಬನ್, ಮೆಂಬ್ರೇನ್, ಕೊನೆಗೆ ಉಳಿದ ಲವಣ ಹೀರಿಕೊಂಡು, ಮುಗಿದಾಗ ಬಣ್ಣ ಬದಲಿಸುವ ಡಿಐ ರೆಸಿನ್. ಟಿಡಿಎಸ್ ಮೀಟರಲ್ಲಿ ಸೊನ್ನೆ ಬರಬೇಕು, ಸೊನ್ನೆ ಬರ್ತದೆ. ಹೊರಹೋಗುವ ನೀರಲ್ಲಿ ಅಂಗಳ ತೊಳೀತೀವಿ, ಬೈಕು ತೊಳೀತೀವಿ. ಟ್ಯಾಂಕು ತುಂಬುವ ಶುದ್ಧ ನೀರಿಗೆ ಬೆರೆಸುವ ಉಪ್ಪು ಮಾತ್ರ ರೀಫ್ ಸಾಲ್ಟ್ ಅಂತಲೇ ಬರುವುದು, ಲೀಟರಿಗೆ 36 ಗ್ರಾಂ ಆಸುಪಾಸು, ನನ್ನ ಟ್ಯಾಂಕಿಗೆ ಮೊದಲ ಸಲ 13 ಕೆಜಿ ಹಿಡೀತು. "ಉಪ್ಪು ಕಿರಾಣಿ ಅಂಗಡ್ಯಾಗ ಸಿಗಂಗಿಲ್ಲೇನು?" ಅಂತ ಅವ್ವ ಕೇಳಿದಳು. ಅದರಲ್ಲಿ ಬರೀ ಸೋಡಿಯಂ ಕ್ಲೋರೈಡು. ಹವಳಕ್ಕೆ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಕ್ಯಾಲ್ಸಿಯಂ 400ರ ಮೇಲೆ, ಮೆಗ್ನೀಷಿಯಂ 1,300ರ ಆಸುಪಾಸು ಬೇಕು. ಅವ್ವ ಎಲೆಯಡಿಕೆಗೆ ಹಚ್ಚುವ ಸುಣ್ಣ ಈ ವಿಷಯದಲ್ಲಿ ಹತ್ತಿರದ ನೆಂಟ, ಸುಣ್ಣದ ತಿಳಿನೀರನ್ನ ರಾತ್ರಿ ಹನಿಸಿ ಕ್ಯಾಲ್ಸಿಯಂ ಏರಿಸುವವರಿದ್ದಾರೆ. ಡಬ್ಬಿಯ ಸುಣ್ಣ ಬೇಡ, ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತನ್ನಿ.

ಲೈಟು ನಾನೇ ಮಾಡಿಕೊಂಡೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ಮೂರು ವ್ಯಾಟಿನ ಎಲ್‌ಇಡಿ, ಕಾನ್ಸ್ಟಂಟ್ ಕರೆಂಟ್ ಡ್ರೈವರ್, ಊರಲ್ಲಿ ಸ್ಲೈಡಿಂಗ್ ಕಿಟಕಿಯವರ ಹತ್ತಿರ ಅಲ್ಯುಮಿನಿಯಂ ಚಾನೆಲ್. 450 ನ್ಯಾನೋಮೀಟರ್ ಆಸುಪಾಸಿನ ನೀಲಿ ಮೂರು ಪಾಲು, ಬಿಳಿ ಒಂದು ಪಾಲು. ಪೂರ್ತಿ ಉರಿದರೆ 90 ವ್ಯಾಟ್. ಚೆನ್ನಾಗಿ ಕೆಲಸ ಮಾಡ್ತದೆ, ನೋಡೋಕೆ ಲಾರಿ ಹಿಂದಿನ ಲೈಟಿನ ಪಟ್ಟಿ ಇದ್ದಂಗಿದೆ. ಬೆಲೆ ಲೆಕ್ಕ ಹಾಕಿದರೆ ಅಗ್ಗದ ಚೀನಾ ಲೈಟಿಗಿಂತ ಉಳಿತಾಯ ಏನಿಲ್ಲ, ಒಂದು ಎಲ್‌ಇಡಿ ಹೋದರೆ ಅದೊಂದನ್ನೇ ಬದಲಿಸಬಹುದು ಅನ್ನೋದೊಂದೇ ಲಾಭ. ಸೋಲ್ಡರಿಂಗ್ ಬಾರದವರು ಕೊಂಡುಬಿಡಿ.

ಕಂಟ್ರೋಲರ್ ಇಎಸ್‌ಪಿ32 ಅನ್ನುವ ಪುಟ್ಟ ಪ್ರೋಗ್ರಾಂ ಬೋರ್ಡಿನದು, ನೀರು 26 ದಾಟಿದರೆ ಫ್ಯಾನು, ಡಿಸೆಂಬರ್ ರಾತ್ರಿಗಳಲ್ಲಿ 25ಕ್ಕಿಂತ ಇಳಿದರೆ ಹೀಟರು. ನೀರಿನ ಬಿಸಿ ಅಳೆಯುವ ಡಿಎಸ್18ಬಿ20 ಸೆನ್ಸರಿನ ಸ್ಟೀಲ್ ಕೊಳವೆ ಉಪ್ಪುನೀರಲ್ಲಿ ತುಕ್ಕು ಹಿಡೀತದೆ, ಹೀಟ್‌ಶ್ರಿಂಕ್ ಹಾಕಿ ತುದಿಗೆ ಅದೇ ಅಕ್ವೇರಿಯಂ ಸಿಲಿಕಾನ್ ತುಂಬಿ. ಹೀಟರಿನಲ್ಲಿ ಅದರದೇ ಥರ್ಮೋಸ್ಟಾಟ್ ಇರೋದನ್ನೇ ತನ್ನಿ, ರಿಲೇ ಅಂಟಿಕೊಂಡರೆ ಮೀನು ಬೇಯಬಾರದು. ಎಲ್ಲಕ್ಕೂ ಮೊದಲು ಕರೆಂಟು ಸೋರಿದರೆ ಥಟ್ಟನೆ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ. ಉಪ್ಪುನೀರಿಗೆ ಕೈ ಹಾಕುವ ಕೆಲಸ, ಇದರಲ್ಲಿ ಚೌಕಾಸಿ ಬೇಡ. ಟ್ಯಾಂಕಿನೊಳಗೆ ಅಲೆ ಎಬ್ಬಿಸುವ ಹತ್ತು ವ್ಯಾಟಿನ ಪಂಪುಗಳಲ್ಲಿ ಒಂದನ್ನ ಮನೆಯ ಇನ್ವರ್ಟರ್‌ಗೆ ಕೊಟ್ಟಿದ್ದೀನಿ, ಕರೆಂಟು ಹೋದರೂ ನೀರು ಕದಲ್ತಾ ಇದ್ದರೆ ಆಮ್ಲಜನಕಕ್ಕೆ ತೊಂದರೆ ಇಲ್ಲ.

ಸ್ಕಿಮ್ಮರ್ ಬಗ್ಗೆ: ಹೊಸಪೇಟೆಯ ಗೆಳೆಯನೊಬ್ಬ ನೇಮ್‌ಪ್ಲೇಟ್ ಅಂಗಡಿಯಲ್ಲಿ ಅಕ್ರಿಲಿಕ್ ಕತ್ತರಿಸಿ ಮಾಡಿಕೊಂಡಿದ್ದಾನೆ. ಕೆಲಸ ಮಾಡ್ತದೆ, ಇಲ್ಲ ಅನ್ನಲ್ಲ. ಆದರೆ ಲೇಸರಿನಲ್ಲಿ ಕತ್ತರಿಸಿದ ಅಂಚಿಗೆ ಕ್ಲೋರೋಫಾರ್ಮ್ ಹಾಕಿ ಅಂಟಿಸಿದ್ದರಿಂದ ಉದ್ದಕ್ಕೂ ಸಣ್ಣ ಸಣ್ಣ ಬಿರುಕು ಬಿದ್ದಿವೆ, ಅಂಚನ್ನ ಉಜ್ಜಿಕೊಂಡು ಅಂಟಿಸಬೇಕಿತ್ತು. ಸ್ಕಿಮ್ಮರಿನ ಗುಟ್ಟು ಪೆಟ್ಟಿಗೆಯಲ್ಲಿ ಇಲ್ಲ, ಪಂಪಿನಲ್ಲಿದೆ. ಗುಳ್ಳೆ ಎಷ್ಟು ಸಣ್ಣದಾದರೆ ಅಷ್ಟು ಕೊಳೆ ಅದಕ್ಕೆ ಹತ್ತಿಕೊಂಡು ನೊರೆಯಾಗಿ ಮೇಲೆ ಬರ್ತದೆ, ಗಾಳಿಯನ್ನ ಹಾಗೆ ಸಣ್ಣ ಗುಳ್ಳೆ ಮಾಡುವ ಸೂಜಿಚಕ್ರದ ಪಂಪು ನಮ್ಮ ಕೈಯಲ್ಲಿ ಆಗುವ ಮಾತಲ್ಲ. ನಾನು ಸಿದ್ಧ ಸ್ಕಿಮ್ಮರ್ ತಂದೆ. ವಾರಕ್ಕೊಮ್ಮೆ ಅದರ ಬಟ್ಟಲಿನ ಕಪ್ಪು ಕಷಾಯ ಚೆಲ್ಲುವಾಗ ಮನೆಯಲ್ಲಿ ಯಾರೂ ಅಡುಗೆಮನೆಯ ಸಿಂಕ್ ಹತ್ತಿರ ಬಿಡಲ್ಲ.

ಕಲ್ಲಿನ ಬಗ್ಗೆ ಎಲ್ಲರೂ ಕೊಡುವ ಸಲಹೆ "ನಮ್ಮ ಗುಡ್ಡದ ಕಲ್ಲೇ ಹಾಕು". ಬಳ್ಳಾರಿ ಗುಡ್ಡ ಗ್ರಾನೈಟು, ಅದರಲ್ಲಿ ರಂಧ್ರಗಳಿಲ್ಲ. ಅಮೋನಿಯಾವನ್ನ ನೈಟ್ರೈಟು, ನೈಟ್ರೇಟು ಮಾಡುವ ಬ್ಯಾಕ್ಟೀರಿಯಾ ಕೂರೋಕೆ ಸಚ್ಛಿದ್ರ ಕಲ್ಲು ಬೇಕು. ಸಂಡೂರಿನ ಕಲ್ಲಂತೂ ಕಬ್ಬಿಣದ ಅದಿರು, ಮಾತೇ ಬೇಡ. ಒಣ ರೀಫ್ ರಾಕ್ ತರಿಸಿ, ಮೀನು ಹಾಕುವ ಮೊದಲು ತಿಂಗಳು, ಒಂದೂವರೆ ತಿಂಗಳು ಬರೀ ಕಲ್ಲು, ನೀರು ಓಡಿಸಿ. ಅಮೋನಿಯಾ, ನೈಟ್ರೈಟು ಎರಡೂ ಸೊನ್ನೆಗೆ ಬರಬೇಕು.

ಇನ್ನೊಂದು ಮಾತು, ಇದನ್ನ ಮಾರುವವರು ಹೇಳಲ್ಲ. ಕಲ್ಲಿನಂತೆ ಗಟ್ಟಿ ಗೂಡು ಕಟ್ಟುವ ಹವಳ, ಕರಿ ಹವಳ, ಬೆಂಕಿ ಹವಳ, ಕಡಲ ಬೀಸಣಿಗೆ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಯಲ್ಲಿವೆ. ಕಡಲಕುದುರೆಯೂ ಅಷ್ಟೆ. ಫೋನಿನಲ್ಲಿ ಒಬ್ಬ ಮಾರಾಟಗಾರ ನನಗೆ ಕೊಂಬೆ ಹವಳದ ಫೋಟೋ ಕಳಿಸಿ "ಲೀಗಲ್ ಸರ್, ನೋ ಪ್ರಾಬ್ಲಂ" ಅಂದ. ಬಿಲ್ ಕೊಡು ಅಂದ ಮೇಲೆ ಉತ್ತರವೇ ಇಲ್ಲ. ನನ್ನ ಟ್ಯಾಂಕಿನಲ್ಲಿ ಇರೋದೆಲ್ಲ ಮೆತ್ತನೆಯವು: ಜೊವಾಂತಿಡ್, ಮಶ್ರೂಮ್, ಒಂದು ಲೆದರ್. ಇವಕ್ಕೆ ಬೆಳಕೂ ಕಮ್ಮಿ ಸಾಕು, ನಮ್ಮ ಕೈಯಲ್ಲಿ ಮಾಡಿದ ಸಾಮಾನಿನ ಸಣ್ಣಪುಟ್ಟ ಏರಿಳಿತವನ್ನೂ ತಡೆದುಕೊಳ್ತವೆ. ಮೀನು ಒಂದು ಜೊತೆ ಕ್ಲೌನ್ ಫಿಶ್, ಹ್ಯಾಚರಿಯಲ್ಲಿ ಹುಟ್ಟಿದವು. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಇವನ್ನ ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ರೂಪಿಸಿದ ಮೇಲೆ ಸಮುದ್ರದಿಂದ ಹಿಡಿದ ಮೀನು ಕೊಳ್ಳೋಕೆ ಕಾರಣವೇ ಇಲ್ಲ. ಬೆಂಗಳೂರಿಂದ ಥರ್ಮಾಕೋಲ್ ಡಬ್ಬಿಯಲ್ಲಿ ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಪಯಣದಲ್ಲಿ ತಂದೆ, ಹಗಲು ತರುವ ಸಾಹಸ ನಮ್ಮ ಕಡೆ ಬೇಡ.

ಕರೆಂಟಿನ ಲೆಕ್ಕ ಹೇಳದೆ ಮುಗಿಸಿದರೆ ಮೋಸ ಆಗ್ತದೆ. ರಿಟರ್ನ್ ಪಂಪು 40 ವ್ಯಾಟ್, ಅಲೆಯ ಪಂಪು ಎರಡು ಸೇರಿ 20, ಸ್ಕಿಮ್ಮರ್ 15, ಫ್ಯಾನು 12, ಇವು ಹಗಲೂ ರಾತ್ರಿ. ಲೈಟು 90, ದಿನಕ್ಕೆ ಒಂಬತ್ತು ತಾಸು. ಒಟ್ಟು ತಿಂಗಳಿಗೆ 85, 90 ಯೂನಿಟ್. ಗೃಹಜ್ಯೋತಿಯಲ್ಲಿ 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಅಷ್ಟೇ ಉಚಿತ, 200 ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ನಮ್ಮ ಮನೆಗೆ ಜೀರೋ ಬಿಲ್ ಬರ್ತಿತ್ತು. ಟ್ಯಾಂಕು ಬಂದ ಮೇಲೆ ಉಚಿತದ ಗೆರೆ ದಾಟಿ ಹೆಚ್ಚಿನ ಯೂನಿಟ್ಟಿಗೆ ದುಡ್ಡು ಕಟ್ತಾ ಇದ್ದೀವಿ, ಬೇಸಿಗೆಯಲ್ಲಿ ಕೂಲರೂ ಸೇರಿದರೆ 200 ಕೂಡ ಉಳಿಯಲ್ಲ. ಹೆಂಡತಿ ಮೀಟರ್ ರೀಡಿಂಗ್ ಚೀಟಿಯನ್ನ ಟ್ಯಾಂಕಿನ ಗಾಜಿಗೇ ಅಂಟಿಸಿದ್ದಾಳೆ. ಲೈಟನ್ನ ಒಂಬತ್ತರಿಂದ ಎಂಟು ತಾಸಿಗೆ ಇಳಿಸಿದ್ದೀನಿ, ಹವಳ ಏನೂ ತಕರಾರು ತೆಗೆದಿಲ್ಲ. ತಿಂಗಳಿಗೆ ಮೂರು ಯೂನಿಟ್ ಉಳೀತದೆ ಅಂದೆ. "ಮೂರಾ?" ಅಂದಳು, ಅಷ್ಟೆ. ಮೇಲಿನ ಲೆಕ್ಕವನ್ನೆಲ್ಲ ಕೊಳ್ಳುವ ಮೊದಲೇ ನಿಮ್ಮ ಮನೆಯವರಿಗೂ ತೋರಿಸಿ.